ಬೇರೆಯವರ ಸೋಫಾದ ಮೇಲೆ ಕೂತ ವಿದ್ಯಾರ್ಥಿವೇತನ

ನನ್ನ ಸೋದರಮಾವನಿಗೆ ನಮ್ಮ ಬೀದಿಯವರು ಇಟ್ಟ ಹೆಸರು ಸ್ಪ್ರಿಂಗ್ ಮಾವ. ಸೋಫಾ ರಿಪೇರಿ ಮಾಡುವವರಾದ್ದರಿಂದ ಆ ಹೆಸರು ಬಂತೆಂದು ಹೊಸಬರು ತಿಳಿಯುತ್ತಾರೆ. ನಿಜವಾದ ಕಾರಣ ಅವರ ಬಾಯಿ. ಯಾರಾದರೂ ಒಂದು ಮಾತು ಅಂದು ಅದುಮಿದರೆ ಅವರಿಂದ ಎರಡು ಮಾತು ಚಿಮ್ಮಿ ಬರುತ್ತಿತ್ತು. ತರಕಾರಿಯವಳು, ಬಸ್ ಕಂಡಕ್ಟರು, ಹೆತ್ತ ತಾಯಿ, ಯಾರಿಗೂ ವಿನಾಯಿತಿ ಇರಲಿಲ್ಲ. ಇಂಥ ಮನುಷ್ಯ ಒಂದು ದಿನ ಸರ್ಕಾರಿ ಕಚೇರಿಯಲ್ಲಿ ಮೂವರ ಮುಂದೆ ನಿಂತು ಮಾತು ಹೊರಡದೆ ಒದ್ದಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ಹೊತ್ತು ನಾನು ಒಂದು ಕೆಲಸದಲ್ಲಿದ್ದು ತಲೆ ಎತ್ತಿ ಓಡಾಡುತ್ತಿದ್ದರೆ ಅದಕ್ಕೆ ಆ ದಿನವೇ ಕಾರಣ. ಅವರ ಋಣ ಹೇಳಿ ತೀರುವಂಥದ್ದಲ್ಲ, ಆದರೂ ಹೇಳದೆ ಇರಲಾರೆ.

ನನ್ನ ಅಮ್ಮ ಮಾವನ ತಂಗಿ. ನನಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ, ಆಗಲೇ ಅಮ್ಮ ತೀರಿಕೊಂಡಳು. ಅಪ್ಪ ಬೇರೆ ಮದುವೆಯಾಗಿ ಬೇರೆ ಊರು ಸೇರಿದ. ಅವನ ವಿಷಯ ಇಷ್ಟು ಸಾಕು. ಮಾವ ಮದುವೆಯಾಗಲಿಲ್ಲ. ಯಾಕೆಂದು ಅಜ್ಜಿಯನ್ನು ಕೇಳಿದರೆ, "ಅವನ ಬಾಯಿ ಕೇಳಿ ಯಾವ ಹೆಣ್ಣು ಬರ್ತಾಳೆ" ಅನ್ನುತ್ತಿದ್ದಳು. ಮಾವನನ್ನೇ ಕೇಳಿದರೆ, "ಈಗಾಗ್ಲೇ ಇಬ್ಬರು ಹೆಂಗಸರ ಕೈಗೆ ಸಿಕ್ಕಿ ಬಿದ್ದಿದೀನಿ, ಮೂರನೆಯವಳು ಯಾಕೆ" ಅನ್ನುತ್ತಿದ್ದರು. ತಂಗಿಯ ಮಗುವನ್ನು ಸಾಕುವ ಗಂಡಿಗೆ ಹೆಣ್ಣು ಕೊಡಲು ಯಾರೂ ಮುಂದೆ ಬರಲಿಲ್ಲ ಎಂಬುದು ನನಗೆ ಎಷ್ಟೋ ವರ್ಷದ ಮೇಲೆ ಬೀದಿಯವರ ಬಾಯಿಂದ ತಿಳಿಯಿತು. ಮನೆಯವರು ಅದನ್ನು ಒಂದು ದಿನವೂ ನನ್ನ ಕಿವಿಗೆ ಬೀಳಿಸಿದವರಲ್ಲ.

ನಮ್ಮದು ಎರಡು ಕೋಣೆಯ ಮನೆ. ಹಿಂದಿನ ಕೋಣೆಯಲ್ಲಿ ಅಡುಗೆ, ಊಟ, ಮೂವರ ಹಾಸಿಗೆ. ಮುಂದಿನದು ಮಾವನ ಕಾರ್ಖಾನೆ. ಅಲ್ಲಿ ಸದಾ ಎರಡು ಮೂರು ಸೋಫಾಗಳು ಹೊಟ್ಟೆ ಬಗೆಸಿಕೊಂಡು ಬಿದ್ದಿರುತ್ತಿದ್ದವು. ಸುತ್ತ ಗೋಣಿಪಟ್ಟಿ, ನಾರು, ಫೋಮಿನ ತುಂಡು, ದಬ್ಬಳ, ಗೋಂದಿನ ಡಬ್ಬಿ. ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು ಒಂದೊಂದೇ ತೆಗೆದು ಹೊಡೆಯುವಾಗ ಮಾತ್ರ ಮಾವ ಸುಮ್ಮನಿರುತ್ತಿದ್ದರು. "ಇನ್ನೊಂದು ಹಿಡಿ ಮೊಳೆ ಹಾಕ್ಕೊಳ್ಳೋ, ಬೀದಿಯೋರು ನೆಮ್ಮದಿಯಾಗಿರ್ಲಿ" ಎಂದು ಅಜ್ಜಿ ಒಳಗಿನಿಂದ ಕೂಗುತ್ತಿದ್ದಳು.

ಅಷ್ಟು ದೊಡ್ಡ ಮಾತಿನ ಮಲ್ಲನಾದರೂ ಒಂದು ವಿಷಯದಲ್ಲಿ ಬಾಯಿಗೆ ಬೀಗ. ಯಾವ ಸೋಫಾ ಯಾರ ಮನೆಯದು ಎಂದು ಅವರು ಯಾರಿಗೂ ಹೇಳುತ್ತಿರಲಿಲ್ಲ. ಸೋಫಾ ಬಿಚ್ಚುವುದೆಂದರೆ ಆ ಮನೆಯನ್ನೇ ಬಿಚ್ಚಿ ನೋಡಿದ ಹಾಗೆ. ಒಳಗೆ ಬಾಚಣಿಗೆ ಸಿಗುತ್ತಿತ್ತು, ನುಂಗದೆ ತುರುಕಿದ ಮಾತ್ರೆ, ಬಚ್ಚಿಟ್ಟ ಸಿಗರೇಟು, ಒಂದು ಸಲವಂತೂ ಯಾರದೋ ಹಲ್ಲಿನ ಸೆಟ್ಟು. ಸಿಕ್ಕಿದ್ದನ್ನೆಲ್ಲ ಚೀಲದಲ್ಲಿ ಕಟ್ಟಿ ಸೋಫಾದ ಜೊತೆಗೇ ವಾಪಸ್ ಕಳಿಸುತ್ತಿದ್ದರು. ಹೊಸದು ಕೊಳ್ಳಲಾಗದೆ ಹಳೆಯದಕ್ಕೇ ಬಟ್ಟೆ ಹಾಕಿಸುತ್ತಿದ್ದೇವೆ ಎಂಬುದೇ ಕೆಲವು ದೊಡ್ಡ ಮನೆಯವರಿಗೆ ಗುಟ್ಟು. ಅಂಥವರು ಸೋಫಾಕ್ಕೆ ಬೆಡ್‌ಶೀಟ್ ಹೊದಿಸಿ ಗಾಡಿ ಹತ್ತಿಸುತ್ತಿದ್ದರು. "ಹತ್ರ ಬಂದೋರ ಕಾಯಿಲೆನ ಡಾಕ್ಟ್ರು ಊರಿಗೆಲ್ಲ ಸಾರ್ತಾರಾ? ನಾನೂ ಹಾಗೇ" ಎನ್ನುವುದು ಮಾವನ ನ್ಯಾಯ.

ನನಗೆ ಕಾಲೇಜಿನಲ್ಲಿ ಒಳ್ಳೆಯ ಅಂಕ ಬಂದು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನಕ್ಕೆ ಸೀಟು ಸಿಕ್ಕಿತು. ಹಾಗೆಂದರೇನು ಎಂದು ಅಜ್ಜಿ ಕೇಳಿದಳು. ಕಲ್ಲು, ಮಣ್ಣು, ನೆಲದೊಳಗಿನ ನೀರು, ಇವುಗಳ ಓದು ಎಂದೆ.

"ಕಲ್ಲು ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕೇ? ಬೇಳೆ ಆರಿಸೋಕೆ ಕೂತ್ಕೋ, ದಿನಾ ಸಿಗುತ್ತೆ" ಎಂದಳು ಅಜ್ಜಿ.

ಸೀಟು ಸಿಕ್ಕಿದರೆ ಸಾಕೇ. ಶುಲ್ಕ ಕೇಳಿಯೇ ಮಾವನ ಬಾಯಿಂದ ಮೊಳೆ ಬಿದ್ದಿತ್ತು. ಸರ್ಕಾರದ ನೆರವು ಎರಡು ಬಗೆಯದಾಗಿತ್ತು. ಕಡಿಮೆ ವರಮಾನದ ಮನೆಯ ಮಕ್ಕಳಿಗೆ ಶುಲ್ಕದಷ್ಟು ವಿದ್ಯಾರ್ಥಿವೇತನ, ಅದನ್ನು ಹಿಂದಿರುಗಿಸಬೇಕಿಲ್ಲ. ಹಾಸ್ಟೆಲಿನ ಖರ್ಚಿಗೆ ಸಾಲ, ಅದನ್ನು ಕೆಲಸ ಸಿಕ್ಕ ಮೇಲೆ ತೀರಿಸಬೇಕು. ಮೊದಲನೆಯದು ಮಂಜೂರಾದವರಿಗೆ ಮಾತ್ರ ಎರಡನೆಯದು. ಎರಡೂ ತಪ್ಪಿದರೆ ಸೀಟು ಬೇರೆಯವರ ಪಾಲಾಗುತ್ತಿತ್ತು. ಸಾಲ ಎಂಬ ಮಾತಿಗೇ ಅಜ್ಜಿಗೆ ದಿಗಿಲು.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಕಣೋ."

"ಹಾಸಿಗೆ ಹೊಲಿಯೋನು ನಾನೇ ಅಲ್ವೇನಮ್ಮ. ಅವಳ ಕಾಲು ಎಷ್ಟುದ್ದ ಇದೆಯೋ ಅಷ್ಟುದ್ದ ಹೊಲಿದರಾಯ್ತು."

ಅರ್ಜಿ ಹಾಕಿದೆವು. ಕೆಲವು ದಿನದ ಮೇಲೆ ಇಲಾಖೆಯಿಂದ ಫೋನ್ ಬಂತು, ಪರಿಶೀಲನೆಗೆ ನಾಳೆ ಮನೆಗೆ ಬರುತ್ತೇವೆ ಎಂದು. ಫೋನ್ ಇಟ್ಟವರೇ ಮಾವ ಪೊರಕೆ ಹಿಡಿದರು. ನಾರು, ಫೋಮು, ಡಬ್ಬಿ, ಡಬರಿ ಎಲ್ಲವೂ ಹಿತ್ತಲಿಗೆ ಹೋದವು. ಆಗ ಮುಂದಿನ ಕೋಣೆಯಲ್ಲಿ ಕೆಲಸ ಮುಗಿದು ಗಾಡಿಗೆ ಕಾಯುತ್ತಿದ್ದ ಒಂದು ಕೆಂಪು ಮಖಮಲ್ಲಿನ ದೊಡ್ಡ ಸೋಫಾ ಇತ್ತು, ಜೊತೆಗೆ ಕಂದು ಚರ್ಮದ ಎರಡು ಸೋಫಾ ಕುರ್ಚಿಗಳು. ಅವನ್ನು ಮಾವ ಎದುರುಬದುರಾಗಿ ಜೋಡಿಸಿ, ಪಕ್ಕದ ಮನೆಯಿಂದ ಒಂದು ಟೀಪಾಯಿ ತಂದು ನಡುವೆ ಇಟ್ಟರು. ದೂರ ನಿಂತು ನೋಡಿ ಟೀಪಾಯಿಯನ್ನು ಒಂದಿಷ್ಟು ಸರಿಸಿದರು. ನಮ್ಮ ಮನೆ ನಮ್ಮದಲ್ಲವೆಂಬಂತೆ ಕಾಣತೊಡಗಿತು.

"ಮಾವ, ಅವರು ಬರ್ತಿರೋದು ನಮ್ಮ ಹತ್ರ ಏನಿಲ್ಲ ಅಂತ ನೋಡೋಕೆ" ಎಂದೆ.

"ಯಾಕಾದ್ರೂ ಬರ್ಲಿ. ಮನೆಗೆ ಬಂದೋರನ್ನ ಗೋಂದಿನ ಡಬ್ಬಿ ಮೇಲೆ ಕೂರಿಸ್ತೀಯಾ?"

ಜನ್ಮದಲ್ಲಿ ಮೊದಲ ಸಲ ಅಜ್ಜಿ ಮಗನ ಪಕ್ಷ ವಹಿಸಿದಳು. "ಬಂದೋರು ಅಯ್ಯೋ ಪಾಪ ಅಂದು ಹೋಗೋದು ನನಗೆ ಬೇಡಮ್ಮ. ಅರ್ಜೀಲಿ ಎಲ್ಲಾ ಬರೆದಿದೀಯಲ್ಲ, ಓದ್ಕೊಳ್ಲಿ."

ಮರುದಿನ ಬಂದವರು ನಡುವಯಸ್ಸಿನ ಒಬ್ಬ ಮೇಡಂ. ಬಿಸಿಲಲ್ಲಿ ನಡೆದು ಬಂದಿದ್ದರು, ಕೈಯಲ್ಲಿ ದಪ್ಪ ಚೀಲ. ಮಾವ ಅವರನ್ನು ಕೆಂಪು ಸೋಫಾದ ಮೇಲೆ ಕೂರಿಸಿದರು. ಕೂತವರು ಒಂದು ಕ್ಷಣ ಕಣ್ಣು ಮುಚ್ಚಿದರು, ಅಷ್ಟು ಹಾಯಾಗಿತ್ತು ಅದು.

"ಸೋಫಾ ತುಂಬಾ ಚೆನ್ನಾಗಿದೆ" ಎಂದರು.

"ನಾನೇ ಮಾಡಿದ್ದು ಮೇಡಂ. ಬಟ್ಟೆ ಹೊರದೇಶದ್ದು. ಒಳಗೆ ಸ್ಪ್ರಿಂಗ್ ಎಲ್ಲಾ ಹೊಸದು."

"ಬೆಲೆ ಬಾಳುತ್ತೆ ಅಲ್ವಾ?"

"ಬಾಳದೆ ಮತ್ತೆ" ಎಂದರು ಮಾವ, ಎದೆ ಉಬ್ಬಿಸಿ.

ಇದು ಗಿರಾಕಿಯದು ಎಂದು ಹೇಳಲು ನಾನು ಬಾಯಿ ತೆರೆದೆ. ಮಾವ ಕಣ್ಣಲ್ಲೇ ನನ್ನ ಬಾಯಿ ಮುಚ್ಚಿಸಿದರು. ಆ ಸೋಫಾದ ಮನೆಯಾಕೆ, ಯಾರಿಗೂ ಗೊತ್ತಾಗಬಾರದು ಎಂದು ಎರಡೆರಡು ಸಲ ಹೇಳಿ ಹೋಗಿದ್ದರು. ಒಳಗಿನ ಕೋಣೆ ನೋಡಬಹುದೇ ಎಂದು ಮೇಡಂ ಕೇಳಿದರು. "ನಮ್ಮಮ್ಮ ಮಲಗಿದ್ದಾರೆ ಮೇಡಂ" ಎಂದರು ಮಾವ. ಹಗಲು ಹೊತ್ತಿನಲ್ಲಿ ಎಂದೂ ಮಲಗದ ಅಜ್ಜಿ ಒಳಗೆ ಗೋಡೆಗೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದಳು. ನಾಟಕ ಕಂಪನಿಯವರೂ ಅಷ್ಟು ಜೋರಾಗಿ ಹೊಡೆಯುವುದಿಲ್ಲ.

ಅರ್ಜಿ ತಿರಸ್ಕಾರವಾಯಿತು. ಮನೆಯ ಸ್ಥಿತಿಗೂ ತೋರಿಸಿದ ವರಮಾನಕ್ಕೂ ತಾಳೆಯಾಗುವುದಿಲ್ಲ ಎಂದು ಒಂದೇ ಸಾಲಿನಲ್ಲಿ ಕಾರಣ ತಿಳಿಸಿದ್ದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೈಯಬೇಕೆಂದೇ ಮುಂದಿನ ಕೋಣೆಗೆ ಹೋದೆ. ಮಾವ ಹೊಸ್ತಿಲ ಮೇಲೆ ಕೂತಿದ್ದರು, ಸುತ್ತಿಗೆ ಪಕ್ಕದಲ್ಲಿ ಬಿದ್ದಿತ್ತು.

"ನಿನ್ನ ಅನ್ನಕ್ಕೆ ನಾನೇ ಮಣ್ಣು ಹಾಕಿದೆ ಕಣಮ್ಮ" ಎಂದರು.

ಆ ಮುಖ ನೋಡಿದ ಮೇಲೆ ಬೈಗುಳ ಎಲ್ಲಿಂದ ಬರಬೇಕು. ನಾನೂ ಪಕ್ಕದಲ್ಲಿ ಕೂತೆ.

ಮಾರನೆಯ ದಿನ ಇಬ್ಬರೂ ಇಲಾಖೆಯ ಕಚೇರಿಗೆ ಹೋದೆವು. ಕೌಂಟರಿನಲ್ಲಿದ್ದ ಗುಮಾಸ್ತರು ಒಳ್ಳೆಯವರು. ಮೇಲ್ಮನವಿಗೆ ಅವಕಾಶವಿದೆ, ಸಮಿತಿಯ ಮುಂದೆ ಬಂದು ಬಾಯಲ್ಲೇ ಹೇಳಿದರೂ ಕೇಳುತ್ತಾರೆ, ಆದರೆ ಒಂದೇ ಸಲ ಎಂದು ವಿವರಿಸಿದರು. ವಿಚಾರಣೆ ಮುಂದಿನ ವಾರಕ್ಕೆ ಗೊತ್ತಾಯಿತು. ಅಷ್ಟರಲ್ಲಿ ಗಾಡಿ ಬಂದು ಕೆಂಪು ಸೋಫಾವನ್ನೂ ಚರ್ಮದ ಕುರ್ಚಿಗಳನ್ನೂ ಅವರವರ ಮನೆಗೆ ಹೊತ್ತುಕೊಂಡು ಹೋಯಿತು.

ಸಮಿತಿಯಲ್ಲಿ ಮೂವರಿದ್ದರು. ನಡುವೆ ಅಧ್ಯಕ್ಷರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡ ಹಿರಿಯರು. ಅವರ ಒಂದು ಪಕ್ಕ ನಮ್ಮ ಮನೆಗೆ ಬಂದಿದ್ದ ಮೇಡಂ, ಇನ್ನೊಂದು ಪಕ್ಕ ಏನೂ ಮಾತಾಡದ ಒಬ್ಬರು. ಹಿಂದಿನ ಬೆಂಚುಗಳ ತುಂಬ ನಮ್ಮ ಹಾಗೆಯೇ ಸರದಿಗೆ ಕಾಯುತ್ತಿದ್ದ ಅಪ್ಪಂದಿರು, ಅಮ್ಮಂದಿರು, ಮಕ್ಕಳು. ಅಲ್ಲಿ ಆಡಿದ ಮಾತೆಲ್ಲ ಎಲ್ಲರಿಗೂ ಕೇಳಿಸುತ್ತಿತ್ತು.

"ಆ ಸೋಫಾ ನಿಮ್ಮದಲ್ಲ ಅಂತೀರಿ. ಮತ್ತೆ ಯಾರದು?" ಎಂದರು ಅಧ್ಯಕ್ಷರು.

"ಗಿರಾಕಿಗಳದು ಸಾರ್. ರಿಪೇರಿಗೆ ಬಂದಿದ್ವು."

"ಸರಿ, ಹೆಸರು ಹೇಳಿ. ಒಂದು ಫೋನ್ ಮಾಡಿ ಕೇಳಿಬಿಡ್ತೀವಿ. ಇಲ್ಲೇ ಮುಗಿದು ಹೋಗುತ್ತೆ."

ಮಾವ ತಲೆ ಅಲ್ಲಾಡಿಸಿದರು.

"ಅದೊಂದು ಆಗಲ್ಲ ಸಾರ್."

"ಯಾಕೆ?"

"ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ನಿಮ್ಮ ಹುಡುಗಿ ಓದಿಗಿಂತ ಅದು ಹೆಚ್ಚಾಯ್ತಾ?"

ಸೋಫಾ ಬಂದಾಗ ಮನೆಯಲ್ಲೇ ಇದ್ದ ನನಗೆ ಆ ಮನೆಗಳು ಯಾವುವೆಂದು ಗೊತ್ತಿತ್ತು. ಹೆಸರುಗಳು ನಾಲಿಗೆಯ ತುದಿಗೆ ಬಂದಿದ್ದವು. ಮಾವ ನನ್ನತ್ತ ತಿರುಗದೆಯೇ ನನ್ನ ಮೊಣಕೈ ಹಿಡಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಇಡೀ ಬೀದಿಗೆ ಉತ್ತರ ಕೊಟ್ಟ ಮನುಷ್ಯನ ಗಂಟಲಿನಿಂದ ಒಂದು ಶಬ್ದ ಹೊರಡಲೊಲ್ಲದು. ನನ್ನ ಓದು ಇಲ್ಲಿಗೆ ಮುಗಿಯಿತು ಎಂದುಕೊಂಡೆ.

"ಅವರ ಮನೆ ವಿಷಯ ನಾನು ಹೇಳಕೂಡದು ಸಾರ್" ಎಂದರು ಕೊನೆಗೆ. "ನಮ್ಮ ಮನೇದು ಹೇಳ್ಬಹುದು, ಅದು ನಂದೇ. ನಮ್ಮನೇಲಿ ಕೂರೋಕೆ ಒಂದು ಕುರ್ಚಿ ಇಲ್ಲ. ಚಾಪೆ ಇದೆ. ಮೂರೂ ಜನ ಒಂದೇ ಕೋಣೇಲಿ ಮಲಗ್ತೀವಿ. ಹುಡುಗಿ ಹೆಗಲ ಮೇಲಿರೋ ಬ್ಯಾಗು ಸೋಫಾ ಬಟ್ಟೇಲಿ ಮಿಕ್ಕ ತುಂಡು, ನಾನೇ ಹೊಲಿದಿದ್ದು, ಅವಳಿಗೆ ಅಂಗಡೀದು ಅಂತ ಹೇಳಿದ್ದೆ. ನಮ್ಮಮ್ಮನ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಅಂದ್ರೆ ಅವರಿಗೆ ಭಯ ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗ್ತೀನಿ. ಭಯ ಅವರಿಗಲ್ಲ ಸಾರ್, ಖರ್ಚಿಗೆ ಹೆದರಿದೋನು ನಾನು. ನಾವು ಬಡವರು. ಮೇಡಂ ಬಂದಾಗ ಇದನ್ನ ಹೇಳೋಕೆ ನಾಚಿಕೆ ಆಯ್ತು."

ಇಷ್ಟು ಹೇಳಿ ಅವರು ನೆಲ ನೋಡುತ್ತಾ ನಿಂತರು. ನನಗೆ ಅಲ್ಲಿಯೇ ಅಳು ಬಂತು. ಬ್ಯಾಗಿನ ಸಂಗತಿಗಲ್ಲ, ಅಜ್ಜಿಯ ಕಣ್ಣಿನದಕ್ಕೂ ಅಲ್ಲ. ಆ ಮಾತನ್ನು ಅವರು ಇಷ್ಟು ಜನರ ಮುಂದೆ ನನಗಾಗಿ ಆಡಬೇಕಾಯಿತಲ್ಲ ಎಂದು.

ಮೊದಲು ಮಾತಾಡಿದವರು ಮೇಡಂ. "ಸಾರ್, ಯಾರದು ಅಂತ ನಾನು ಅವತ್ತು ಕೇಳಬೇಕಿತ್ತು. ಕೂತ ಮೇಲೆ ಹಾಯಾಗಿತ್ತು, ಕೇಳ್ಲಿಲ್ಲ. ಈಗ್ಲೇ ಹೋಗಿ ಇನ್ನೊಂದು ಸಲ ನೋಡಿ ಬರ್ತೀನಿ."

ಇಲಾಖೆಯ ಜೀಪಿನಲ್ಲಿ ಮೇಡಂ, ಮಾವ, ನಾನು ಮನೆಗೆ ಬಂದೆವು. ಮುಂದಿನ ಕೋಣೆಯಲ್ಲಿ ಬಿಚ್ಚಿಟ್ಟ ಒಂದು ಕುರ್ಚಿಯ ಚೌಕಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಅಜ್ಜಿ ಬಾಗಿಲ ಬೆಳಕಿಗೆ ಚಾಪೆ ಎಳೆದುಕೊಂಡು ಮೊರದಲ್ಲಿ ಬೇಳೆ ಹರಡಿಕೊಂಡು ಕೂತಿದ್ದಳು. ಬಂದವರು ಯಾರೆಂದು ಅವಳ ಕಣ್ಣಿಗೆ ಹತ್ತಲಿಲ್ಲ. ಯಾರೋ ನೆರೆಮನೆಯವಳು ಅಂದುಕೊಂಡಳು.

"ಬಾಮ್ಮ, ಕೂತ್ಕೋ. ಕುರ್ಚಿ ಗಿರ್ಚಿ ಕೇಳ್ಬೇಡ. ಈ ಮನೇಲಿ ಇದ್ರೂ ಅದು ನಮ್ಮದಲ್ಲ" ಎಂದು ಚಾಪೆ ತಟ್ಟಿದಳು.

ಮೇಡಂ ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತರು.

"ಸುಮ್ನೆ ಕೂರೋ ಬದಲು ಇದರಲ್ಲಿ ಕಲ್ಲು ಇದೆಯಾ ನೋಡು ತಾಯಿ, ನನಗೆ ಕಾಣಲ್ಲ. ನಮ್ಮ ಹುಡುಗಿ ಕಲ್ಲು ಓದೋಕೆ ಹೋಗ್ಬೇಕು ಅಂತಿದ್ಲು. ಆ ಸರ್ಕಾರದೋಳು ಬಂದು ಸೋಫಾ ಮೇಲೆ ಕೂತು ಎಲ್ಲಾ ಕೆಡಿಸಿ ಹೋದ್ಲು."

ಮಾವ ಬಾಗಿಲಲ್ಲಿ ಹಣೆ ಚಚ್ಚಿಕೊಂಡರು. ಮೇಡಂ ನಕ್ಕರು, ಆಮೇಲೆ ನಗು ನಿಲ್ಲಿಸಿ ಮೊರ ಎಳೆದುಕೊಂಡು ಬೇಳೆ ಆರಿಸತೊಡಗಿದರು. ಆರಿಸುತ್ತಲೇ ಒಳಗಿನ ಕೋಣೆಯತ್ತ ನೋಡಿದರು, ಸುರುಳಿ ಸುತ್ತಿಟ್ಟ ಹಾಸಿಗೆಗಳನ್ನು ನೋಡಿದರು, ಅಜ್ಜಿಯ ಬೆಳ್ಳಗಾದ ಕಣ್ಣನ್ನು ನೋಡಿದರು. ಏಳುವಾಗ, "ಅಜ್ಜಿ, ಆ ಸರ್ಕಾರದೋಳು ನಾನೇ" ಎಂದರು. ಅಜ್ಜಿ ಒಂದಿಷ್ಟೂ ತಬ್ಬಿಬ್ಬಾಗದೆ, "ಹಾಗಾದ್ರೆ ಕೆಡಿಸಿದ್ದನ್ನ ನೀನೇ ಸರಿ ಮಾಡಮ್ಮ" ಎಂದಳು.

ಅವರು ಸರಿ ಮಾಡಿದರು. ವಿದ್ಯಾರ್ಥಿವೇತನವೂ ಬಂತು, ಸಾಲವೂ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆಯ ಆಪರೇಷನ್ನಿಗೆ ಹಣ ಕೊಡಬೇಕಿಲ್ಲ ಎಂದೂ ಅವರೇ ತಿಳಿಸಿದರು. ನಾನು ಹಾಸ್ಟೆಲಿಗೆ ಹೊರಡುವ ಮುಂಚೆಯೇ ಅಜ್ಜಿಯ ಕಣ್ಣಿನ ಪಟ್ಟಿ ಬಿಚ್ಚಿದರು. ಅವಳು ಮೊದಲು ಮಾವನನ್ನು ದಿಟ್ಟಿಸಿ, "ನಿನ್ನ ತಲೆ ಇಷ್ಟೊಂದು ಯಾವಾಗ ನರೆತೋಯ್ತೋ" ಎಂದು ಕೇಳಿದಳು.

ಓದು ಮುಗಿಸಿದೆ. ಎಲ್ಲಿ ಕೊರೆದರೆ ನೀರು ಸಿಗುತ್ತದೆ ಎಂದು ನೋಡಿ ಹೇಳುವುದು ಈಗ ನನ್ನ ಕೆಲಸ. ಹಾಸ್ಟೆಲಿನ ಸಾಲವನ್ನು ಸಂಬಳದಲ್ಲಿ ಸ್ವಲ್ಪಸ್ವಲ್ಪವಾಗಿ ತೀರಿಸಿದೆ. ಮೊದಲ ಸಂಬಳದಲ್ಲಿ ತೆರಿಗೆ ಹಿಡಿದದ್ದನ್ನು ನೋಡಿ ಫೋನಿನಲ್ಲಿ ಗೊಣಗಿದಾಗ ಮಾವ ಹೇಳಿದ್ದು ಇಷ್ಟೇ: "ಗೊಣಗಬೇಡ. ನಿನ್ನನ್ನ ಓದಿಸಿದೋರು ಯಾರೂ ಗೊಣಗಿದ್ದು ನಮ್ಮ ಕಿವಿಗೆ ಬೀಳ್ಲಿಲ್ಲ." ಅಂದಿನಿಂದ ಗೊಣಗುವುದಿಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ ಮುಖ ಗೊತ್ತಿಲ್ಲದ ಜನರನ್ನು ನೋಡಿದಾಗ, ಇವರಲ್ಲಿ ಯಾರದೋ ದುಡಿಮೆಯ ಒಂದು ಪಾಲು ನನ್ನ ಓದಿಗೆ ಬಿದ್ದಿದೆ ಅನಿಸಿ ಮನಸ್ಸು ತುಂಬುತ್ತದೆ. ಆ ಕೆಂಪು ಸೋಫಾ ಯಾರದೆಂದು ಮಾವ ಇಂದಿಗೂ ಯಾರಿಗೂ ಹೇಳಿಲ್ಲ. ನಾನೂ ಬರೆಯುವುದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದು ನನ್ನೊಬ್ಬಳ ಕಥೆಯಾಗುತ್ತಿತ್ತು. ಸಮಿತಿಯ ಎದುರು ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡವರಲ್ಲಿ ಒಬ್ಬರು ವಿಚಾರಣೆಯಾದ ಒಂದು ವಾರದ ಮೇಲೆ ನಮ್ಮ ಮನೆ ಹುಡುಕಿಕೊಂಡು ಬಂದರು. ತಮ್ಮ ಮನೆಗೂ ಮತ್ತೊಮ್ಮೆ ಪರಿಶೀಲನೆಗೆ ಬರುತ್ತಾರೆ, ಏನು ಮಾಡಬೇಕು ಎಂದು ಕೇಳಿದರು. "ಏನೂ ಮಾಡ್ಬೇಡಿ. ಅದೇ ಕಷ್ಟದ ಕೆಲಸ" ಎಂದರು ಮಾವ. ಮುಂದಿನ ವರ್ಷ ಇನ್ನೂ ಹಲವರು ಬಂದರು. ಪ್ರತಿ ವರ್ಷ ಸೀಟು ಹಂಚುವ ಕಾಲ ಬಂತೆಂದರೆ ಮಾವ ಸಂಜೆ ಸುತ್ತಿಗೆ ಕೆಳಗಿಟ್ಟು ಆ ಮನೆ ಈ ಮನೆ ಎಂದು ಹೊರಡುತ್ತಾರೆ. ಸಾಲ ತಂದ ಪರದೆ ಇಳಿಸುತ್ತಾರೆ, ಎರವಲು ತಂದ ಫ್ರಿಡ್ಜು ವಾಪಸ್ ಕಳಿಸುತ್ತಾರೆ. ಮನೆ ಸಿಂಗಾರ ಮಾಡಿಸುವವರನ್ನು ನೋಡಿದ್ದೇವೆ, ಕಳಚಿಸುವವರು ಇವರೊಬ್ಬರೇ.

ಹೋದ ಸಲ ರಜೆಗೆ ಬಂದಾಗ ನನ್ನನ್ನೂ ಕರೆದುಕೊಂಡು ಹೋದರು. ಇಸ್ತ್ರಿ ಅಂಗಡಿಯ ಹೆಂಗಸಿನ ಮನೆ. ಗಂಡನಿಲ್ಲ, ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದೆ. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಗೋಡೆಯಗಲದ ಟಿವಿ ಹೊಳೆಯುತ್ತಿತ್ತು. ಎದುರು ಮನೆಯಿಂದ ತಂದದ್ದು. ಮಾವ ಅದನ್ನು ಅವರಿಗೇ ವಾಪಸ್ ಕೊಡು ಎಂದರು. ಆಕೆ ಸೆರಗು ತಿರುಚುತ್ತಾ, "ಬರೀ ಗೋಡೆ ತೋರಿಸೋಕೆ ನಾಚಿಕೆ ಆಗುತ್ತಣ್ಣ" ಎಂದಳು. ಮಗಳು ತಲೆ ತಗ್ಗಿಸಿದಳು.

ಮಾವ ಬುದ್ಧಿ ಹೇಳಲಿಲ್ಲ. "ನಮ್ಮನೇಲಿ ಕೂರೋಕೆ ಒಂದು ಕುರ್ಚಿ ಇರ್ಲಿಲ್ಲ ತಂಗಿ" ಎಂದು ಶುರು ಮಾಡಿದರು. ಚಾಪೆ, ಬ್ಯಾಗು, ಅಜ್ಜಿಯ ಕಣ್ಣು, ಒಂದನ್ನೂ ಬಿಡದೆ, ಯಾರದೋ ಮನೆಯ ಸಮಾಚಾರ ಹೇಳುವಷ್ಟು ಸಲೀಸಾಗಿ ಹೇಳಿದರು. ಅಂದು ಕಚೇರಿಯಲ್ಲಿ ಅವರ ಗಂಟಲು ಹಿಡಿದಿದ್ದ ಮಾತುಗಳೇ ಅವು.

"ಇದನ್ನೆಲ್ಲ ಮಂದಿ ಮುಂದೆ ಹೇಳೋಕೆ ನಿಮಗೆ ಕಷ್ಟ ಆಗಲ್ವಾ ಅಣ್ಣ?" ಎಂದು ಆಕೆ ಕೇಳಿದಳು.

"ಆಗಿತ್ತು, ಮೊದಲನೇ ಸಲ. ಅದನ್ನ ನಮ್ಮ ಹುಡುಗೀಗೋಸ್ಕರ ಹೇಳಿದ್ದೆ" ಎಂದರು ಮಾವ. "ಈಗ ನಿನ್ನ ಹುಡುಗೀಗೋಸ್ಕರ ಹೇಳ್ತಿದೀನಿ, ಅಷ್ಟೇ."

ಆಕೆ ಹೋಗಿ ಟಿವಿಯ ತಂತಿ ಕಿತ್ತಳು. ಒಂದು ಬದಿ ಮಾವ ಹಿಡಿದರು, ಇನ್ನೊಂದು ಬದಿ ಆಕೆಯ ಮಗಳು ಹಿಡಿದಳು. ನಾನು ಬಾಗಿಲು ಪೂರ್ತಿ ತೆರೆದು ಅವರಿಗೆ ದಾರಿ ಬಿಟ್ಟೆ.